ಆಟದ ನಿಯಮವೂ ಪಾಠವೇ: ಅಂತರಿಕ್ಷ ಸಮರದ ಆಟದಲ್ಲಿ ‘ಸಂಶೋಧನೆ’

ಪಾಠ ಯೋಜನೆಯ ಚಟುವಟಿಕೆಯ ಅಂಕಣದಲ್ಲಿ ‘ಆಟದ ಮೂಲಕ ಕಲಿಕೆ’ ಎಂದು ಬರೆದಿದ್ದರೆ, ವೀಕ್ಷಣೆಗೆ ಹೋದ ನಾವು ಸಾಮಾನ್ಯವಾಗಿ ಸಂತೋಷದಿಂದ ಒಂದು ಗುರುತು ಹಾಕಿ ಮುಂದೆ ಹೋಗುತ್ತೇವೆ. ಮಕ್ಕಳೆಲ್ಲ ಭಾಗವಹಿಸಿದರೇ, ಗದ್ದಲ ಹತೋಟಿಯಲ್ಲಿತ್ತೇ, 40 ನಿಮಿಷದಲ್ಲಿ ಮುಗಿಯಿತೇ ಎಂದು ನೋಡುತ್ತೇವೆ. ಆಟದ ನಿಯಮ ಏನಿತ್ತು, ಆ ನಿಯಮ ಯಾವ ನಡತೆಗೆ ಬಹುಮಾನ ಕೊಟ್ಟಿತು ಎಂದು ಕೇಳುವುದು ಅಪರೂಪ. ಆದರೆ ಮಗು ಆಟದಿಂದ ಕಲಿಯುವುದು ಹಲಗೆಯ ಮೇಲಿನ ಚಿತ್ರದಿಂದಲ್ಲ, ನಿಯಮದಿಂದ. ಚಿತ್ರದಲ್ಲಿ ರಾಕೆಟ್ ಇದ್ದ ಮಾತ್ರಕ್ಕೆ ಆಟ ವಿಜ್ಞಾನ ಕಲಿಸುವುದಿಲ್ಲ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಪ್ರಶಿಕ್ಷಣಾರ್ಥಿ ತರಗತಿಗೆ ಒಂದು ಆಟ ತಂದರೆ, ಪಾಠದ ವಿಷಯವನ್ನು ಪರಿಶೀಲಿಸುವಷ್ಟೇ ಎಚ್ಚರದಿಂದ ಆಟದ ನಿಯಮವನ್ನೂ ಪರಿಶೀಲಿಸಬೇಕು, ಅಗತ್ಯವಿದ್ದರೆ ತಿದ್ದಬೇಕು.

ಇದು ನಮಗೆ ಹೊಸ ಮಾತೇನಲ್ಲ. ಪರಮಪದ ಸೋಪಾನ ಪಟದಲ್ಲಿ ಏಣಿ ಎಂದರೆ ಸದ್ಗುಣ, ಹಾವು ಎಂದರೆ ದುರ್ಗುಣ. ಅಲ್ಲಿ ಉಪದೇಶವನ್ನು ಬಾಯಿಮಾತಿನಲ್ಲಿ ಹೇಳದೆ ಏಳುಬೀಳಿನಲ್ಲೇ ಇಟ್ಟಿದ್ದರು. ಚೌಕಾಬಾರವನ್ನು ಎಷ್ಟೋ ಮನೆಗಳಲ್ಲಿ ಆಡುವ ಕ್ರಮದಲ್ಲಿ, ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಪ್ರವೇಶವಿಲ್ಲ. ಅಳಿಗುಳಿಮಣೆಯಲ್ಲಿ ಒಂದು ಸುತ್ತು ಸೋತವನಿಗೆ ಎಲ್ಲ ಗುಳಿ ತುಂಬಿಸುವಷ್ಟು ಹರಳು ಉಳಿಯದಿದ್ದರೆ, ಮುಂದಿನ ಸುತ್ತಿಗೆ ಅವನ ಕೆಲವು ಗುಳಿಗಳು ಖಾಲಿ ಬಿದ್ದು ಆಟದಿಂದ ಹೊರಗಾಗುತ್ತವೆ. ಅಂದರೆ ಸೋತವನು ಮುಂದಿನ ಸಲ ಇನ್ನೂ ಕಡಿಮೆ ಜಾಗದಲ್ಲಿ ಆಡಬೇಕು. ಈ ಮೂರು ಆಟಗಳು ಲೋಕದ ಬಗ್ಗೆ ಮೂರು ಬೇರೆ ಮಾತುಗಳನ್ನು ಹೇಳುತ್ತವೆ. ಆಡುವವರು ಆ ಮಾತನ್ನು ಗಮನಿಸದೆಯೇ ಒಪ್ಪಿಕೊಂಡಿರುತ್ತಾರೆ.

ಅತ್ತಿವೇರಿ ಸುತ್ತಿನ ಒಂದು ಪ್ರೌಢಶಾಲೆಯಲ್ಲಿ ಅಭ್ಯಾಸ ಬೋಧನೆಯ ಮೇಲ್ವಿಚಾರಣೆಗೆ ಹೋಗಿದ್ದಾಗ ಕಂಡ ಒಂದು ಆಟ ಈ ವಿಚಾರವನ್ನು ನನ್ನ ಮುಂದೆ ಸ್ಪಷ್ಟವಾಗಿ ತಂದಿಟ್ಟಿತು. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಪದವಿ ಓದುವಾಗ ಗೆಳೆಯರೊಂದಿಗೆ ಅಂತರಿಕ್ಷ ಸಮರದ ಆಟವನ್ನು ವಾರಗಟ್ಟಲೆ ಆಡಿದ್ದವರು. ಒಂದೇ ಕಾಳಗದಲ್ಲಿ ಮುಗಿಯದೆ, ಸುತ್ತಿನಿಂದ ಸುತ್ತಿಗೆ ಲೆಕ್ಕ ಮುಂದುವರಿಯುವ ದೀರ್ಘ ಆಟ ಅದು. ಅದನ್ನು ಸರಳಗೊಳಿಸಿ, ಡ್ರಾಯಿಂಗ್ ಹಾಳೆಯ ಮೇಲೆ ಚೌಕ ಎಳೆದು, ಒಂಬತ್ತನೆಯ ತರಗತಿಯ ‘ಗುರುತ್ವ’ ಘಟಕಕ್ಕೆ ಜೋಡಿಸಿ ಆರು ಅವಧಿಗಳಿಗೆ ಹಂಚಿದ್ದರು. ಐದು ಗುಂಪು, ಪ್ರತಿ ಗುಂಪಿಗೂ ಒಂದು ಅಂತರಿಕ್ಷ ನೆಲೆ. ಪ್ರತಿ ಸುತ್ತಿಗೆ ಪ್ರತಿ ಗುಂಪಿಗೆ 10 ಅಂಕ ಆದಾಯ. ಆ ಅಂಕವನ್ನು ನೌಕೆ ಕಟ್ಟಲು ಬಳಸಬಹುದು, ಇಲ್ಲವೇ ‘ಸಂಶೋಧನೆ’ಗೆ ಹಾಕಬಹುದು. ಸಂಶೋಧನೆಯಲ್ಲಿ 20 ಅಂಕ ಸೇರಿದರೆ ಒಂದು ತಂತ್ರಜ್ಞಾನದ ಕಾರ್ಡು: ಉತ್ತಮ ಎಂಜಿನ್, ರಡಾರ್, ಕವಚ, ಹೀಗೆ. ಪ್ರತಿ ಕಾರ್ಡೂ ಕಾಳಗದಲ್ಲಿ ಬಲ ಕೊಡುತ್ತದೆ. ಜೊತೆಗೆ ಮುಂದಿನ ಸುತ್ತಿನಿಂದ ಆದಾಯಕ್ಕೆ 5 ಅಂಕ ಸೇರಿಸುತ್ತದೆ.

ತಯಾರಿ ಅಚ್ಚುಕಟ್ಟಾಗಿತ್ತು, ಮಕ್ಕಳ ಉತ್ಸಾಹವೂ ನಿಜವಾದದ್ದು. ಆದರೆ ಮೂರನೆಯ ಅವಧಿಯಲ್ಲಿ ಹಿಂದಿನ ಸಾಲಿನ ಒಂದು ಗುಂಪು ಕಾರ್ಡುಗಳನ್ನು ಬದಿಗಿಟ್ಟು ಸುಮ್ಮನೆ ಕುಳಿತಿತು. ಪ್ರಶಿಕ್ಷಣಾರ್ಥಿ ಹತ್ತಿರ ಹೋಗಿ ಕೇಳಿದಾಗ ಒಬ್ಬ ಹುಡುಗಿ ಹೇಳಿದಳು: “ಅವ್ರ ಹತ್ರ ಈಗಾಗ್ಲೇ ನಾಕು ಕಾರ್ಡ್ ಅದಾವ್ರಿ ಸರ್. ನಮ್ಮವು ಎರಡ. ಇನ್ನ ಆಡಿ ಏನ್ ಮಾಡೂದ್ರಿ?”

ಇದನ್ನು ‘ಆಸಕ್ತಿಯ ಕೊರತೆ’ ಎಂದು ವೀಕ್ಷಣಾ ನಮೂನೆಯಲ್ಲಿ ಬರೆಯಬಹುದಿತ್ತು. ಆದರೆ ಅವಳ ಲೆಕ್ಕ ಸರಿಯಾಗಿತ್ತು. ಮೊದಲ ಸುತ್ತಿನಿಂದಲೇ ಎಲ್ಲ ಅಂಕವನ್ನೂ ಸಂಶೋಧನೆಗೆ ಹಾಕಿದ ಗುಂಪು ಎರಡನೆಯ ಸುತ್ತಿಗೆ ಒಂದು, ನಾಲ್ಕನೆಯದಕ್ಕೆ ಎರಡು, ಐದನೆಯದಕ್ಕೆ ಮೂರು, ಆರನೆಯದಕ್ಕೆ ನಾಲ್ಕು ಕಾರ್ಡು ಪಡೆಯುತ್ತದೆ. ಅದರ ಆದಾಯ ಸುತ್ತಿಗೆ 30 ಅಂಕಕ್ಕೆ ಏರಿರುತ್ತದೆ. ಮೊದಲೆರಡು ಸುತ್ತಿನ ಅಂಕವನ್ನು ನೌಕೆಗೆ ಹಾಕಿ, ಮೂರನೆಯ ಸುತ್ತಿನಿಂದ ಎಲ್ಲವನ್ನೂ ಸಂಶೋಧನೆಗೆ ಹಾಕಿದ ಗುಂಪಿಗೆ ಆರನೆಯ ಸುತ್ತಿನ ಕೊನೆಗೆ ಎರಡೇ ಕಾರ್ಡು, ಆದಾಯ 20. ಆರಂಭದಲ್ಲಿ ಇದ್ದದ್ದು ಒಟ್ಟು 20 ಅಂಕದ ವ್ಯತ್ಯಾಸ. ಈಗ ಪ್ರತಿ ಸುತ್ತಿಗೂ 10 ಅಂಕದ ವ್ಯತ್ಯಾಸ, ಅದೂ ಬೆಳೆಯುತ್ತಲೇ ಹೋಗುತ್ತದೆ. ಹಿಂದೆ ಬಿದ್ದವರು ಎಷ್ಟೇ ಜಾಣತನದಿಂದ ಆಡಿದರೂ ಮುಂದಿನವರನ್ನು ಹಿಡಿಯುವ ದಾರಿಯನ್ನು ನಿಯಮವೇ ಮುಚ್ಚಿಬಿಟ್ಟಿದೆ. ಅಳಿಗುಳಿಮಣೆಯ ಖಾಲಿ ಗುಳಿಗಳೇ ರಾಕೆಟ್‌ ವೇಷದಲ್ಲಿ ಬಂದಿದ್ದವು.

ಇಲ್ಲಿ ಸುಮ್ಮನೆ ಬಿಟ್ಟುಬಿಡಲಾಗದ ಸಂಗತಿಯೊಂದಿದೆ. ಮುಂಡಗೋಡ ತಾಲ್ಲೂಕಿನ ತರಗತಿಗಳಲ್ಲಿ ಕನ್ನಡ ಮನೆಮಾತಿನ ಮಕ್ಕಳ ಜೊತೆಗೆ ಮರಾಠಿ, ಲಂಬಾಣಿ, ಕೊಂಕಣಿ, ಉರ್ದು ಮನೆಮಾತಿನ ಮಕ್ಕಳಿದ್ದಾರೆ. ದೂರದ ಗೌಳಿ ದಡ್ಡಿಯಿಂದ ನಡೆದು ಬರುವವರಿದ್ದಾರೆ. ಮನೆಯಲ್ಲಿ ಓದಿಸುವವರು ಇರುವವರೂ ಇದ್ದಾರೆ, ಇಲ್ಲದವರೂ ಇದ್ದಾರೆ. ಎಷ್ಟೋ ಮಕ್ಕಳು ಶಾಲೆಯ ಆಟವನ್ನು ಎರಡು ಸುತ್ತು ಹಿಂದಿನಿಂದಲೇ ಶುರು ಮಾಡುತ್ತಾರೆ. ‘ಮೊದಲು ಮುಂದೆ ಹೋದವನೇ ಕೊನೆಯವರೆಗೂ ಮುಂದೆ’ ಎಂಬ ಪಾಠ ಅವರಿಗೆ ಬೇರೆ ಕಡೆಗಳಿಂದ ಸಾಕಷ್ಟು ಸಿಗುತ್ತದೆ. ವಿಜ್ಞಾನದ ಹೆಸರಿನಲ್ಲಿ ಅದನ್ನೇ ನಾವು ಮತ್ತೊಮ್ಮೆ ಹೇಳಬೇಕೇ? ಅದೂ ವಿಜ್ಞಾನದ ಇತಿಹಾಸ ಹಾಗಿಲ್ಲದಿರುವಾಗ?

ಈ ನಿಯಮ ಎಲ್ಲಿಂದ ಬಂತು

ಪ್ರಶಿಕ್ಷಣಾರ್ಥಿ ಈ ನಿಯಮವನ್ನು ತಾವೇ ಹುಟ್ಟಿಸಿದ್ದಲ್ಲ. ಯುದ್ಧವನ್ನು ಮೇಜಿನ ಮೇಲೆ ಆಡಿ ಕಲಿಯುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ರಷ್ಯಾದ ಸೇನಾಧಿಕಾರಿಗಳ ನಡುವೆ ಬೆಳೆಯಿತು. ಅದೇ ಪದ್ಧತಿ ಮುಂದೆ ಅಂತರಿಕ್ಷದ ಕಲ್ಪನೆಗೂ ಹಬ್ಬಿತು. 1980ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಟ್ರೆಶಮ್ ರೂಪಿಸಿದ ‘ಸಿವಿಲೈಸೇಶನ್’ ಎಂಬ ಹಲಗೆಯಾಟ, 1991ರಲ್ಲಿ ಸಿಡ್ ಮಯರ್ ಹೊರತಂದ ಅದೇ ಹೆಸರಿನ ಕಂಪ್ಯೂಟರ್ ಆಟ, ಇವುಗಳ ಮೂಲಕ ‘ತಂತ್ರಜ್ಞಾನ ವೃಕ್ಷ’ ಎಂಬ ಕಲ್ಪನೆ ಎಲ್ಲೆಡೆ ಬೇರೂರಿತು. ಒಂದು ಕೊಂಬೆ ಹತ್ತಿದರೆ ಮುಂದಿನ ಕೊಂಬೆ. ಬೆಲೆ ಕೊಟ್ಟರೆ ಫಲ. ಇಂದು ಮೊಬೈಲಿನಲ್ಲಿ ಮಕ್ಕಳು ಆಡುವ ಎಷ್ಟೋ ಆಟಗಳಲ್ಲಿ ಇದೇ ಮರವಿದೆ.

ಆಟವಾಗಿ ಇದು ಚೆನ್ನಾಗಿದೆ, ಏಕೆಂದರೆ ಆಡುವವನಿಗೆ ಯೋಜನೆ ಹಾಕಲು ಅವಕಾಶ ಕೊಡುತ್ತದೆ. ಆದರೆ ಸಂಶೋಧನೆಯ ಚಿತ್ರವಾಗಿ ನೋಡಿದರೆ ಇದರಲ್ಲಿ ಮೂರು ತಪ್ಪುಗಳಿವೆ. ಒಂದು, ಮುಂದೆ ಏನು ಸಿಗುತ್ತದೆ ಎಂದು ಮೊದಲೇ ಗೊತ್ತಿರುತ್ತದೆ. ನಿಜವಾದ ಸಂಶೋಧಕನಿಗೆ ಅದು ಗೊತ್ತಿರುವುದಿಲ್ಲ. ಎರಡು, ಹಣ ಹಾಕಿದರೆ ಫಲ ಖಚಿತ; ವೈಫಲ್ಯಕ್ಕೆ ಜಾಗವೇ ಇಲ್ಲ. ಮೂರು, ಒಬ್ಬರ ಜ್ಞಾನ ಇನ್ನೊಬ್ಬರಿಗೆ ಹರಿಯುವುದಿಲ್ಲ. ಪ್ರತಿಯೊಬ್ಬರೂ ಬೇಲಿಯೊಳಗೆ ಒಂಟಿಯಾಗಿ ಮರ ಹತ್ತುತ್ತಾರೆ. ಇಂಥ ಆಟವನ್ನು ಆರು ಅವಧಿ ಆಡಿದ ಮಗು ಸಂಶೋಧನೆ ಎಂದರೆ ಅಂಗಡಿಯಲ್ಲಿ ಸಾಮಾನು ಕೊಂಡಂತೆ ಎಂದು ತಿಳಿದರೆ ಆಶ್ಚರ್ಯವಿಲ್ಲ. ದುಡ್ಡಿದ್ದವರು ಕೊಳ್ಳುತ್ತಾರೆ, ಇಲ್ಲದವರು ನೋಡುತ್ತಾರೆ.

ನಮ್ಮ ಅನುಭವ ಹೇಳುವುದು ಬೇರೆ

ಉದಾಹರಣೆಗೆ ದೂರ ಹೋಗಬೇಕಿಲ್ಲ. ಭಾರತದ ಮೊದಲ ಉಪಗ್ರಹ ಆರ್ಯಭಟ ರೂಪುಗೊಂಡದ್ದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ, ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ನೇತೃತ್ವದಲ್ಲಿ. ಅದನ್ನು ಮೇಲೇರಿಸಲು ನಮ್ಮ ಬಳಿ ರಾಕೆಟ್ ಇರಲಿಲ್ಲ. 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ರಾಕೆಟ್ ಅದನ್ನು ಕಕ್ಷೆಗೆ ಒಯ್ದಿತು. ಮರ ಹತ್ತುವ ನಿಯಮದ ಪ್ರಕಾರ ಮೊದಲು ರಾಕೆಟ್, ಆಮೇಲೆ ಉಪಗ್ರಹ. ನಾವು ಹಾಗೆ ಕಾಯಲಿಲ್ಲ. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಆರ್ಯಭಟದ ವೈಜ್ಞಾನಿಕ ಪ್ರಯೋಗಗಳು ನಿಂತವು. ಆದರೆ ಉಪಗ್ರಹ ಕಟ್ಟಲು ಕಲಿತ ಕೈಗಳು ಉಳಿದವು.

ನಮ್ಮದೇ ರಾಕೆಟ್ ಎಸ್‌ಎಲ್‌ವಿ-3 ಮೊದಲು ಹಾರಿದ್ದು 1979ರ ಆಗಸ್ಟ್ 10ರಂದು; ಐದು ನಿಮಿಷ ಚಿಲ್ಲರೆಯಲ್ಲಿ ಬಂಗಾಳ ಕೊಲ್ಲಿಗೆ ಬಿತ್ತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯ ಕವಾಟವೊಂದು ಕೆಟ್ಟು ಆಮ್ಲ ಸೋರಿದ್ದು ಕಾರಣ ಎಂದು ಪತ್ತೆಯಾಯಿತು. 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್ 35 ಕಿಲೋ ತೂಕದ ರೋಹಿಣಿಯನ್ನು ಕಕ್ಷೆಗೆ ಸೇರಿಸಿತು. ನಡುವಿನ ಹನ್ನೊಂದು ತಿಂಗಳಲ್ಲಿ ನಡೆದದ್ದೇ ಸಂಶೋಧನೆ. ಮೊದಲ ಹಾರಾಟ ಸೋತಾಗ ಪತ್ರಕರ್ತರ ಮುಂದೆ ನಿಂತವರು ಇಸ್ರೋ ಅಧ್ಯಕ್ಷರಾಗಿದ್ದ ಸತೀಶ್ ಧವನ್. ಗೆದ್ದಾಗ ಅವರು ಮುಂದೆ ಕಳಿಸಿದ್ದು ಯೋಜನೆಯ ನಿರ್ದೇಶಕರಾಗಿದ್ದ ಅಬ್ದುಲ್ ಕಲಾಂ ಅವರನ್ನು. ಇದನ್ನು ಕಲಾಂ ಅವರೇ ಅನೇಕ ಸಲ ನೆನೆದಿದ್ದಾರೆ. ಪ್ರಶಿಕ್ಷಣಾರ್ಥಿಯ ಪಾಠ ಕೆಟ್ಟ ದಿನ ನಾವು ಎಲ್ಲಿ ನಿಲ್ಲುತ್ತೇವೆ ಎಂದು ಮೇಲ್ವಿಚಾರಕರು ಕೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಮೂರನೆಯದು ಕ್ರಯೋಜೆನಿಕ್ ಎಂಜಿನ್. ಸೊನ್ನೆಗಿಂತ 253 ಡಿಗ್ರಿ ಸೆಲ್ಸಿಯಸ್ ಕೆಳಗಿನ ದ್ರವ ಜಲಜನಕ, 183 ಡಿಗ್ರಿ ಕೆಳಗಿನ ದ್ರವ ಆಮ್ಲಜನಕ ಬಳಸುವ ಈ ಎಂಜಿನ್ನಿನ ತಂತ್ರಜ್ಞಾನಕ್ಕಾಗಿ 1991ರಲ್ಲಿ ರಷ್ಯಾದ ಗ್ಲಾವ್‌ಕಾಸ್ಮಸ್ ಸಂಸ್ಥೆಯೊಂದಿಗೆ ಒಪ್ಪಂದವಾಗಿತ್ತು. 1992ರಲ್ಲಿ ಅಮೆರಿಕ ನಿರ್ಬಂಧ ಹೇರಿತು. ಕೊನೆಗೆ ಸಿಕ್ಕಿದ್ದು ಸಿದ್ಧ ಎಂಜಿನ್‌ಗಳು ಮಾತ್ರ, ಮಾಡುವ ವಿದ್ಯೆಯಲ್ಲ. ನಮ್ಮದೇ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ 2010ರ ಏಪ್ರಿಲ್ 15ರಂದು ಹಾರಿ ವಿಫಲವಾಯಿತು. 2014ರ ಜನವರಿ 5ರಂದು ಯಶಸ್ವಿಯಾಯಿತು. ಹಣ ಕೊಡಲು ಸಿದ್ಧವಿದ್ದರೂ ವಿದ್ಯೆ ಸಿಗದಿರಬಹುದು. ಸಿಗದ ವಿದ್ಯೆಯನ್ನು ತಡವಾಗಿಯಾದರೂ ಗಳಿಸಬಹುದು. ಇದಕ್ಕೆ ವಿರುದ್ಧ ಬಗೆಯ ಉದಾಹರಣೆಯೂ ಇದೆ. 1970ರ ದಶಕದಲ್ಲಿ ನಮ್ಮ ಎಂಜಿನಿಯರುಗಳು ಫ್ರಾನ್ಸಿನ ವೈಕಿಂಗ್ ಎಂಜಿನ್ ಅಭಿವೃದ್ಧಿಯಲ್ಲಿ ದುಡಿದು, ಆ ದುಡಿಮೆಗೆ ಪ್ರತಿಯಾಗಿ ಅದರ ವಿದ್ಯೆಯನ್ನು ತಂದರು. ಅದೇ ನಮ್ಮ ವಿಕಾಸ್ ಎಂಜಿನ್. ನಿರಾಕರಣೆಯೂ ವಿನಿಮಯವೂ ಸಂಶೋಧನೆಯ ಭಾಗವೇ. ನಮ್ಮ ಆಟದಲ್ಲಿ ಎರಡೂ ಇರಲಿಲ್ಲ.

ನಾಲ್ಕು ತಿದ್ದುಪಡಿಗಳು

ಪ್ರಶಿಕ್ಷಣಾರ್ಥಿಯೊಂದಿಗೆ ಕುಳಿತು ಚರ್ಚಿಸಿ, ಆಟವನ್ನು ಕೈಬಿಡದೆ, ನಿಯಮವನ್ನು ನಾಲ್ಕು ಕಡೆ ಬದಲಿಸಿದೆವು. ಬೇರೆ ಶಾಲೆಗಳಲ್ಲೂ ಬಳಸಬಹುದೆಂದು ವಿವರವಾಗಿ ಬರೆಯುತ್ತೇನೆ.

ಒಂದು: ಫಲ ಖಚಿತವಲ್ಲ, ಆದರೆ ವೈಫಲ್ಯ ವ್ಯರ್ಥವಲ್ಲ. ಅಂಕ ಸೇರಿದ ಮೇಲೆ ಗುಂಪು ಒಂದು ದಾಳ ಎಸೆಯುತ್ತದೆ. 5 ಅಥವಾ 6 ಬಿದ್ದರೆ ಯಶಸ್ಸು. ಬೀಳದಿದ್ದರೆ ‘ವೈಫಲ್ಯ ಚೀಟಿ’ಯೊಂದನ್ನು ಎತ್ತಬೇಕು. ಅದರಲ್ಲಿ ನಿಜವಾಗಿ ನಡೆದ ಒಂದು ತೊಂದರೆ ಇರುತ್ತದೆ: ಕವಾಟ ಸೋರಿತು, ಪಂಪು ನಿಂತಿತು, ಇಳಿಯುವಾಗ ವೇಗ ತಗ್ಗಲಿಲ್ಲ. ‘ಮುಂದಿನ ಹಾರಾಟಕ್ಕೆ ಮೊದಲು ನೆಲದ ಮೇಲೆ ಏನನ್ನು ಪರೀಕ್ಷಿಸುತ್ತೀರಿ?’ ಎಂಬುದಕ್ಕೆ ಎರಡು ಮೂರು ವಾಕ್ಯದಲ್ಲಿ ಉತ್ತರ ಬರೆದರೆ, ಮುಂದಿನ ಸಲ 4 ಬಿದ್ದರೂ ಯಶಸ್ಸು. ಮತ್ತೆ ಸೋತು ಮತ್ತೆ ಬರೆದರೆ 3 ಬಿದ್ದರೂ ಸಾಕು. ಬರೆಯದಿದ್ದರೆ ಹಳೆಯ ಮಿತಿಯೇ. ಇದರ ಗಣಿತವನ್ನೂ ಮಕ್ಕಳಿಂದಲೇ ಮಾಡಿಸಬಹುದು. ಬರೆಯದ ಗುಂಪು ಮೂರು ಯತ್ನದೊಳಗೆ ಗೆಲ್ಲುವ ಸಂಭವನೀಯತೆ 27ರಲ್ಲಿ 19. ಬರೆದ ಗುಂಪಿಗೆ 27ರಲ್ಲಿ 24. ತಪ್ಪಿನಿಂದ ಕಲಿಯಬೇಕು ಎಂಬ ಉಪದೇಶ ಇಲ್ಲಿ ಎಣಿಸಬಹುದಾದ ಲಾಭವಾಗುತ್ತದೆ.

ಮೊದಲ ದಿನ ಬಂದ ಉತ್ತರಗಳು ಅಷ್ಟಕ್ಕಷ್ಟೆ. ಒಂದು ಗುಂಪು “ನಮ್ಮ ನಸೀಬ ಛಲೋ ಇರಲಿಲ್ಲ” ಎಂದಷ್ಟೇ ಬರೆದು ಕೊಟ್ಟಿತು. ಪ್ರಶಿಕ್ಷಣಾರ್ಥಿ ಅದನ್ನು ತಿರಸ್ಕರಿಸದೆ, ಚಂದ್ರಯಾನ-2 ಮತ್ತು 3ರ ಸಂಗತಿ ಹೇಳಿದರು. 2019ರ ಸೆಪ್ಟೆಂಬರ್ 7ರಂದು ಇಳಿಯುವ ಕೊನೆಯ ಹಂತದಲ್ಲಿ ವಿಕ್ರಮ್ ಕೈತಪ್ಪಿತು. ಮುಂದಿನ ಸಲ ಅದರ ಕಾಲುಗಳನ್ನು ಬಲಪಡಿಸಿದರು. 500 ಮೀಟರ್ ಉದ್ದಗಲದ ಇಳಿದಾಣದ ಬದಲು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲದ ಪ್ರದೇಶ ಆರಿಸಿಕೊಂಡರು. 2023ರ ಆಗಸ್ಟ್ 23ರಂದು ಇಳಿದರು. ಚಂದ್ರನ ನೆಲದ ಅಭ್ಯಾಸಕ್ಕಾಗಿ ನಮ್ಮದೇ ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲಿನಲ್ಲಿ ಕೃತಕ ಕುಳಿಗಳನ್ನು ತೋಡಿದ್ದರು ಎಂದಾಗ ಮಕ್ಕಳು ಕಿವಿ ನಿಮಿರಿಸಿದರು. ಆಮೇಲೆ ಬಂದ ಚೀಟಿಗಳಲ್ಲಿ ‘ನಸೀಬ’ ಕಡಿಮೆಯಾಗಿ ‘ಮೊದ್ಲ ನೀರು ತುಂಬಿ ಸೋರತೈತೇನು ನೋಡ್ತೀವಿ’ ಎಂಬಂಥ ಮಾತು ಬರತೊಡಗಿತು.

ಎರಡು: ಜ್ಞಾನ ಹರಿಯಬೇಕು. ಒಂದು ಗುಂಪು ತನ್ನ ಕಾರ್ಡನ್ನು ‘ಪ್ರಕಟಿಸಿದರೆ’ ಅದಕ್ಕೆ ಕೂಡಲೇ 5 ಅಂಕ ಸಿಗುತ್ತದೆ. ಉಳಿದವರಿಗೆ ಆ ಕಾರ್ಡಿನ ಬೆಲೆ 20ರಿಂದ 10ಕ್ಕೆ ಇಳಿಯುತ್ತದೆ. ಪ್ರಕಟಿಸದೆ ಗುಟ್ಟಾಗಿಯೂ ಇಟ್ಟುಕೊಳ್ಳಬಹುದು, ಇಬ್ಬರು ವಿನಿಮಯವನ್ನೂ ಮಾಡಿಕೊಳ್ಳಬಹುದು. ನಿರಾಕರಿಸುವ ಹಕ್ಕು ಎಲ್ಲರಿಗೂ ಇದೆ. ಆದರೆ ನಿರಾಕರಿಸಲ್ಪಟ್ಟವರು ಪೂರ್ತಿ ಬೆಲೆ ಕೊಟ್ಟು ತಾವೇ ಮಾಡಿಕೊಳ್ಳುವುದನ್ನು ಯಾರೂ ತಡೆಯುವಂತಿಲ್ಲ. ಹಿಂದೆ ಬಿದ್ದವರು ಮುಂದೆ ಬರಲು ಇದೊಂದು ನ್ಯಾಯವಾದ ದಾರಿ. ಕನಿಕರದಿಂದ ಕೊಟ್ಟ ಅಂಕ ಇದಲ್ಲ. ತಡವಾಗಿ ಹೊರಟವನಿಗೆ ದಾರಿ ತುಳಿದಿರುತ್ತದೆ ಎಂಬುದು ವಿಜ್ಞಾನದ ನಿಜವಾದ ಗುಣ.

ಮೂರು: ಸಂಶೋಧನೆಯ ಅಂಕವನ್ನು ಸಂಶೋಧನೆ ಮಾಡಿಯೇ ಗಳಿಸಬೇಕು. ನನ್ನ ದೃಷ್ಟಿಯಲ್ಲಿ ನಾಲ್ಕರಲ್ಲಿ ಇದೇ ಮುಖ್ಯ. ಆಟದೊಳಗಿನ ಆದಾಯದ ಜೊತೆಗೆ, ಪ್ರತಿ ಅವಧಿಗೂ ಒಂದು ನಿಜವಾದ ಅಳತೆ ಮಾಡಿ ತಂದ ಗುಂಪಿಗೆ 10 ಅಂಕದವರೆಗೆ ಸಿಗುತ್ತದೆ. ಉತ್ತರ ಪುಸ್ತಕದ ಉತ್ತರಕ್ಕೆ ಹೊಂದಬೇಕೆಂದಿಲ್ಲ. ಯಾರು ಅಳೆದರು, ಎಷ್ಟು ಸಲ, ಅಳತೆಗಳಲ್ಲಿ ವ್ಯತ್ಯಾಸ ಎಷ್ಟು ಬಂತು ಎಂಬ ದಾಖಲೆಗೆ ಅಂಕ. ಒಂದು ಮೀಟರ್ ದಾರಕ್ಕೆ ಕಲ್ಲು ಕಟ್ಟಿ ತೂಗಿಸಿದರೆ 20 ತೂಗಾಟಕ್ಕೆ ಸುಮಾರು 40 ಸೆಕೆಂಡು. ಇದರಿಂದ ಗುರುತ್ವ ವೇಗೋತ್ಕರ್ಷ ಲೆಕ್ಕ ಹಾಕಬಹುದು. ಅಂಗಳದಲ್ಲಿ ನೆಟ್ಟಗೆ ಕೋಲು ನಿಲ್ಲಿಸಿ ನಡುಹಗಲ ನೆರಳು ಅಳೆಯಬಹುದು. ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಅತ್ತಿವೇರಿಯಲ್ಲಿ ಮೇ ತಿಂಗಳ ಆರಂಭದಲ್ಲೊಮ್ಮೆ, ಆಗಸ್ಟ್ ಎರಡನೆಯ ವಾರದಲ್ಲೊಮ್ಮೆ ಆ ನೆರಳು ಇಲ್ಲವಾಗುತ್ತದೆ. ಮೇಯಲ್ಲಿ ಶಾಲೆಗೆ ರಜೆ, ಆಗಸ್ಟಿನಲ್ಲಿ ಮೋಡ. ಮೋಡ ಕವಿದು ಅಳತೆ ತಪ್ಪಿದರೆ ಅದನ್ನೂ ದಿನಾಂಕ ಹಾಕಿ ಬರೆಯಬೇಕು. ವೀಕ್ಷಣೆಯನ್ನು ನಂಬಿದ ಎಲ್ಲ ವಿಜ್ಞಾನಿಗಳಿಗೂ ಈ ಮೋಡ ಗೊತ್ತು.

ಅತ್ತಿವೇರಿಯ ಜಲಾಶಯ ಪಕ್ಷಿಧಾಮವೆಂದು ಹೆಸರಾಗಿದೆ. ಒಂದು ಗುಂಪು ದಿನವೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ನಿಂತು ಬೆಳ್ಳಕ್ಕಿ, ನೀರುಕಾಗೆಗಳನ್ನು ಎಣಿಸಿ ತಂದಿತು. ಇಬ್ಬರು ಎಣಿಸಿದ ಸಂಖ್ಯೆ ಒಂದೇ ಇರಲಿಲ್ಲ. ಯಾರದು ಸರಿ ಎಂದು ಜಗಳ ಶುರುವಾಯಿತು. ಜಗಳದ ಕೊನೆಗೆ ಮಕ್ಕಳೇ ಒಂದು ಕ್ರಮ ಹಾಕಿಕೊಂಡರು: ಹಾರಿ ಹೋದದ್ದನ್ನು ಬೇರೆ ಬರೆಯಬೇಕು, ನೀರಿನ ಮೇಲಿದ್ದದ್ದನ್ನು ಬೇರೆ ಬರೆಯಬೇಕು. ಇದಕ್ಕೂ ಅಂತರಿಕ್ಷಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ನನ್ನ ಉತ್ತರ: ಅಳತೆಯ ಶಿಸ್ತು ಎಲ್ಲಿಯೂ ಒಂದೇ. ಮನೆಯಲ್ಲಿ ಪುಸ್ತಕವಿಲ್ಲದ ಮಗುವಿಗೂ ಈ ನಿಯಮದಲ್ಲಿ ಅಂಕ ಗಳಿಸುವ ಸಮಾನ ಅವಕಾಶವಿದೆ. ಹಕ್ಕಿಯನ್ನು ದೂರದಿಂದಲೇ ಗುರುತಿಸಬಲ್ಲ ಮಗುವಿಗಂತೂ ಒಂದು ಹೆಜ್ಜೆ ಮುಂದಿನ ಅವಕಾಶ.

ನಾಲ್ಕು: ಕಾಳಗಕ್ಕೆ ಕಸದ ಲೆಕ್ಕ ಇರಬೇಕು. ಒಂದು ಚೌಕದಲ್ಲಿ ನೌಕೆ ಒಡೆದರೆ ಅಲ್ಲಿ ಒಂದು ಕಪ್ಪು ಬೀಜ ಇಡಬೇಕು. ಆಮೇಲೆ ಆ ಚೌಕ ದಾಟುವ ಯಾರೇ ಆಗಲಿ, ಒಡೆದವರೂ ಸೇರಿ, ದಾಳ ಎಸೆಯಬೇಕು. 1 ಬಿದ್ದರೆ ನೌಕೆ ಹೋಯಿತು. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ವಸ್ತುಗಳು ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಸುತ್ತುತ್ತವೆ. ಆ ವೇಗದಲ್ಲಿ ಒಂದು ಸಣ್ಣ ಬೋಲ್ಟು ಕೂಡ ಗುಂಡಿಗಿಂತ ಅಪಾಯಕಾರಿ. 2007ರ ಜನವರಿಯಲ್ಲಿ ಚೀನಾ ಸುಮಾರು 860 ಕಿಲೋಮೀಟರ್ ಎತ್ತರದಲ್ಲಿ ತನ್ನದೇ ಹಳೆಯ ಉಪಗ್ರಹವನ್ನು ಒಡೆದಾಗ, ಗುರುತಿಸಬಹುದಾದ ಚೂರುಗಳೇ ಮೂರು ಸಾವಿರಕ್ಕೂ ಹೆಚ್ಚಾದವು. 2019ರ ಮಾರ್ಚ್ 27ರಂದು ‘ಮಿಷನ್ ಶಕ್ತಿ’ಯಲ್ಲಿ ಭಾರತ ಸುಮಾರು 300 ಕಿಲೋಮೀಟರಿನ ತಗ್ಗಿನ ಕಕ್ಷೆಯನ್ನು ಆರಿಸಿಕೊಂಡದ್ದಕ್ಕೆ, ಚೂರುಗಳು ಬೇಗ ವಾತಾವರಣಕ್ಕೆ ಬಿದ್ದು ಉರಿಯಲಿ ಎಂಬುದೇ ಕಾರಣ. ಆದರೂ ಕೆಲವು ಚೂರುಗಳು ಎಣಿಸಿದ್ದಕ್ಕಿಂತ ಹೆಚ್ಚು ಕಾಲ ಉಳಿದವು. ಗುರುತ್ವದ ಪಾಠಕ್ಕೆ ಇದಕ್ಕಿಂತ ಜೀವಂತ ಉದಾಹರಣೆ ಎಲ್ಲಿ ಸಿಕ್ಕೀತು?

ಆಕ್ಷೇಪಗಳು

ಸಹೋದ್ಯೋಗಿಗಳು ಎತ್ತಿದ ಆಕ್ಷೇಪಗಳಲ್ಲಿ ಮೂರು ಗಂಭೀರವಾದವು. ಮೊದಲನೆಯದು, ತರಗತಿಯಲ್ಲಿ ಯುದ್ಧದ ಆಟ ಏಕೆ? ಈ ಅಳುಕು ನನಗೂ ಇದೆ. ಆದರೆ ಕಾಳಗವನ್ನು ತೆಗೆದುಹಾಕಿದರೆ ಮಕ್ಕಳು ಅದನ್ನು ಅಂಗಳದಲ್ಲಿ ಆಡಿಯೇ ಆಡುತ್ತಾರೆ, ಅಲ್ಲಿ ಯಾವ ಬೆಲೆಯೂ ಇಲ್ಲದೆ. ಬೆಲೆಯನ್ನು ನಿಯಮದಲ್ಲಿ ಇಟ್ಟು ಆಡಿಸುವುದು ಒಳ್ಳೆಯದು. ತಿದ್ದಿದ ಆಟದಲ್ಲಿ ಕಪ್ಪು ಬೀಜಗಳು ಹೆಚ್ಚಾದಂತೆ ಕಾಳಗಗಳು ತಾವಾಗಿಯೇ ಕಡಿಮೆಯಾದವು. ಐದೂ ಗುಂಪು ಸೇರಿ ‘ಈ ಸಾಲಿನಲ್ಲಿ ಹೊಡೆದಾಟ ಬೇಡ’ ಎಂದು ಒಪ್ಪಂದ ಬರೆದುಕೊಂಡವು. ಅಣ್ವಸ್ತ್ರಗಳನ್ನು ಕಕ್ಷೆಯಲ್ಲಿ ಇಡುವಂತಿಲ್ಲ ಎನ್ನುವ 1967ರ ಬಾಹ್ಯಾಕಾಶ ಒಪ್ಪಂದದ ಬಗ್ಗೆ ಹೇಳಲು ಅದೇ ಸರಿಯಾದ ಗಳಿಗೆ. ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಯೊಬ್ಬರು ಅಲ್ಲಿಂದ ತಮ್ಮ ಪಾಠವನ್ನು ಮುಂದುವರಿಸಬಹುದು.

ಎರಡನೆಯದು ಸಮಯ. ಆರು ಅವಧಿಯನ್ನು ಒಂದು ಆಟಕ್ಕೆ ಕೊಟ್ಟರೆ ಪಠ್ಯ ಮುಗಿಯುವುದು ಹೇಗೆ? ಈ ಆಕ್ಷೇಪ ನ್ಯಾಯವಾದದ್ದು. ನಾಲ್ಕೂ ನಿಯಮಗಳನ್ನು ಒಂದೇ ದಿನ ತರಬಾರದು. ತಂದರೆ ನಿಯಮ ವಿವರಿಸುವುದರಲ್ಲೇ ಗಂಟೆ ಹೊಡೆಯುತ್ತದೆ. ಅವಧಿಗೊಂದು ನಿಯಮ ಸೇರಿಸಬೇಕು. ಆಟಕ್ಕೆ ಅವಧಿಯ ಕೊನೆಯ 15 ನಿಮಿಷ ಸಾಕು. ಅಳತೆಯ ಕೆಲಸ ಹೇಗಿದ್ದರೂ ಘಟಕದ ಚಟುವಟಿಕೆಯೇ. ಸಮಯವೇ ಇಲ್ಲದ ಕಡೆ ಮೂರನೆಯ ನಿಯಮವನ್ನು ಮಾತ್ರ ಉಳಿಸಿಕೊಂಡು ಉಳಿದದ್ದನ್ನು ಬಿಟ್ಟರೂ ನಷ್ಟವಿಲ್ಲ.

ಮೂರನೆಯದು ಇನ್ನೂ ಸೂಕ್ಷ್ಮ: ಹಿಂದಿನವರಿಗೆ ದಾರಿ ಮಾಡಿಕೊಟ್ಟರೆ ಚೆನ್ನಾಗಿ ಆಡಿದವರಿಗೆ ಅನ್ಯಾಯವಲ್ಲವೇ? ತಿದ್ದಿದ ಆಟದಲ್ಲೂ ಒಳ್ಳೆಯ ಯೋಜನೆ ಹಾಕಿದ ಗುಂಪೇ ಗೆದ್ದಿತು. ಮೂರನೆಯ ಅವಧಿಯಲ್ಲಿ ಕೈಚೆಲ್ಲಿದ್ದ ಗುಂಪು ಮೂರನೆಯ ಸ್ಥಾನಕ್ಕೆ ಬಂತು, ಅಷ್ಟೆ. ನಾವು ಬದಲಿಸಿದ್ದು ಗೆಲುವನ್ನಲ್ಲ. ಕೊನೆಯ ಸುತ್ತಿನವರೆಗೂ ಎಲ್ಲರೂ ಯೋಚಿಸಲು ಕಾರಣ ಇರುವಂತೆ ಮಾಡಿದೆವು. ಪರೀಕ್ಷೆಯಲ್ಲಿ ಯಾರು ಮೊದಲು ಎಂಬುದನ್ನು ತಿಳಿಯಲು ಬೇರೆ ಸಾಧನಗಳಿವೆ. ಕಲಿಕೆಯ ಆಟದಲ್ಲಿ ಯೋಚಿಸುವುದನ್ನು ನಿಲ್ಲಿಸಿದ ಮಗು ಇದ್ದರೆ ಅದು ಆಟದ ವೈಫಲ್ಯ, ಮಗುವಿನದಲ್ಲ.

ನಮ್ಮ ಕಡೆಯಿಂದ ಆಗಬೇಕಾದದ್ದು

ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಎರಡು. ಮೊದಲನೆಯದು, ಯಾವ ಆಟವನ್ನೇ ಆಗಲಿ ತರಗತಿಗೆ ಒಯ್ಯುವ ಮೊದಲು ಸೋಲುವ ಗುಂಪಿನ ಕಡೆಯಿಂದ ಒಮ್ಮೆ ಕಾಗದದ ಮೇಲೆ ಪೂರ್ತಿ ಆಡಿ ನೋಡಿ. ಯಾವ ಸುತ್ತಿನಲ್ಲಿ ನಿಮಗೇ ಆಡುವುದು ಬೇಡವೆನಿಸುತ್ತದೋ ಅಲ್ಲಿ ನಿಯಮ ತಿದ್ದಿ. ಎರಡನೆಯದು, ಕೊನೆಯ ಅವಧಿಯಲ್ಲಿ ಒಂದು ನಿಯಮ ಬದಲಿಸುವ ಅವಕಾಶವನ್ನು ಮಕ್ಕಳಿಗೇ ಕೊಡಿ. ಆದರೆ ಮುಂದಿನ ಆಟದಲ್ಲಿ ಯಾರು ಯಾವ ಗುಂಪಿಗೆ ಹೋಗುತ್ತಾರೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದಾಗಿ ಮೊದಲೇ ಹೇಳಿ. ತಾನು ಎಲ್ಲಿ ನಿಲ್ಲುತ್ತೇನೆಂದು ಗೊತ್ತಿಲ್ಲದವನು ನಿಯಮವನ್ನು ಹೆಚ್ಚು ನ್ಯಾಯವಾಗಿ ಬರೆಯುತ್ತಾನೆ.

ನಮ್ಮ ಮೇಲ್ವಿಚಾರಕ ಬಳಗಕ್ಕೆ ನನ್ನ ಕೋರಿಕೆ ಒಂದೇ. ಪಾಠ ವೀಕ್ಷಣಾ ನಮೂನೆಯಲ್ಲಿ ‘ಚಟುವಟಿಕೆ ಇತ್ತೇ?’ ಎಂಬ ಪ್ರಶ್ನೆಯ ಕೆಳಗೆ ಇನ್ನೆರಡು ಸಾಲು ಸೇರಿಸೋಣ: ಚಟುವಟಿಕೆಯ ನಿಯಮ ಯಾವ ನಡತೆಗೆ ಬಹುಮಾನ ಕೊಟ್ಟಿತು? ಹಿಂದೆ ಬಿದ್ದ ಮಗುವಿಗೆ ಮುಂದಿನ ಹೆಜ್ಜೆ ಏನಿತ್ತು? ಈ ಎರಡು ಪ್ರಶ್ನೆಗೆ ಉತ್ತರ ಬರೆಯಲು ಹಿಂದಿನ ಬೆಂಚಿನ ಬಳಿ ಹೋಗಿ ಐದು ನಿಮಿಷ ಕೂರಬೇಕಾಗುತ್ತದೆ. ಮುಂದಿನ ಅಭ್ಯಾಸ ಬೋಧನೆಯ ಸರದಿಯಿಂದಲೇ ಇದನ್ನು ಶುರು ಮಾಡಬಹುದು. ಬೇಕಾದದ್ದು ಒಂದು ಪೆನ್ನು ಮತ್ತು ನಮೂನೆಯಲ್ಲಿ ಎರಡು ಗೆರೆ ಜಾಗ.